ರುದ್ರಮ್ಮನವರ ಕಾಯಿ ಹೋಳಿಗೆ

ಸರಕು ಮಾರಬೇಡಿ, ಸರಕಿನ ಹಿಂದಿನ ಕಥೆ ಮಾರಿ ಎಂದು ನಾನು ಇಂಟರ್‌ನೆಟ್‌ನಲ್ಲಿ ಓದಿದ್ದು ಎರಡು ಸಾವಿರದ ಎಂಟರಲ್ಲಿ. ಅದನ್ನು ಬರೆದ ಪುಣ್ಯಾತ್ಮ ಅರಸೀಕೆರೆ ನೋಡಿದವನಲ್ಲ. ನಾನು ಇಲ್ಲೇ ಹುಟ್ಟಿ ಬೆಳೆದವಳು, ನನಗಾದರೂ ಬುದ್ಧಿ ಇರಬೇಕಿತ್ತು.

ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ನನ್ನದೊಂದು ಸೈಬರ್ ಸೆಂಟರ್. ಐದು ಕಂಪ್ಯೂಟರ್, ಒಂದು ಪ್ರಿಂಟರ್. ರಿಸಲ್ಟ್ ನೋಡುವುದಕ್ಕೆ, ರೈಲ್ವೆ ಟಿಕೆಟ್ ಮಾಡಿಸುವುದಕ್ಕೆ, ಆರ್ಕುಟ್‌ನಲ್ಲಿ ಹರಟುವುದಕ್ಕೆ ಜನ ಬರುತ್ತಿದ್ದರು. ಅದು ಸಾಲದೆಂದು ಬಾಗಿಲಿಗೆ ಬೋರ್ಡ್ ಹಾಕಿದೆ: 'ನಿಮ್ಮ ವ್ಯಾಪಾರಕ್ಕೊಂದು ಬ್ಲಾಗ್. ದೇಶಕ್ಕೆಲ್ಲಾ ಪ್ರಚಾರ.' ಎರಡು ತಿಂಗಳು ಒಬ್ಬರೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ಬಂದವಳು ರಮಾ.

ರಮಾ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಮದುವೆಯಾದ ಮೇಲೆ ಅತ್ತೆ ಲಕ್ಕಮ್ಮನ ಜೊತೆ ಸೇರಿ, ಒಂದು ಬಾಡಿಗೆ ಕೋಣೆಯಲ್ಲಿ ಕಾಯಿ ಹೋಳಿಗೆ ಮಾಡಿ ಮಾರುತ್ತಿದ್ದಳು. ತೆಂಗಿನಕಾಯಿಯನ್ನು ನಮ್ಮಪ್ಪ ಷಡಕ್ಷರಪ್ಪನವರ ಮಂಡಿಯಲ್ಲಿ ಕೊಳ್ಳುತ್ತಿದ್ದಳು. ಆರ್ಡರ್ ಚೀಟಿಯನ್ನೂ ಅಲ್ಲೇ ಬರೆಸಿಕೊಳ್ಳುವ ವ್ಯವಸ್ಥೆ ಹೇಗೋ ಬೆಳೆದುಬಂದಿತ್ತು. ಗೃಹಪ್ರವೇಶ, ನಾಮಕರಣ ಇದ್ದವರು ಮಂಡಿಗೆ ಬಂದು ಚೀಟಿ ಬರೆಸುವರು, ಡಬ್ಬಗಳನ್ನು ಅಲ್ಲಿಂದಲೇ ಒಯ್ಯುವರು. ನಮ್ಮೂರಲ್ಲಿ ತಿನ್ನುವ ಪದಾರ್ಥ ಯಾರ ಬಾಗಿಲಿಂದ ಬಂತೋ ಅವರದೇ ಎಂದು ತಿಳಿಯುತ್ತಾರೆ. ತಟ್ಟಿದ ಕೈ ಯಾವ ಕೇರಿಯದು ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ಮೂರು ವರ್ಷ ನಮ್ಮ ಮನೆಯ ಹಬ್ಬಗಳೆಲ್ಲ ಲಕ್ಕಮ್ಮನ ಹೋಳಿಗೆಯಲ್ಲೇ ನಡೆದಿದ್ದವು.

"ದೊಡ್ಡ ಬೀದೀಲಿ ಒಂದು ಅಂಗಡಿ ಮಾಡ್ಬೇಕು ಕಣೇ ಪ್ರತಿಮಾ. ಮೇಲೆ ಅತ್ತೆ ಹೆಸರಿನ ಬೋರ್ಡು. ಮೂರು ವರ್ಷದಿಂದ ಊರಿಗೆಲ್ಲಾ ತಿನ್ಸಿದ್ದಾರೆ, ಒಬ್ಬರಿಗೂ ಅವರ ಹೆಸರು ಗೊತ್ತಿಲ್ಲ," ಅಂದಳು ರಮಾ.

ನನಗೆ ರೆಕ್ಕೆ ಬಂತು. ಹಳೇಬೀಡಿನ ದೇವಸ್ಥಾನದ ಮುಂದೆ ಪ್ರವಾಸಿಗರ ಫೋಟೊ ತೆಗೆಯುವವನನ್ನು ಕ್ಯಾಮೆರಾ ಸಮೇತ ಕರೆಸಿದೆ. ಒಲೆಯ ಮುಂದೆ ಕೂತ ಲಕ್ಕಮ್ಮ, ಹೆಂಚಿನ ಮೇಲೆ ಉಬ್ಬಿದ ಹೋಳಿಗೆ, ಹಿಂದಿನ ಗೋಡೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪಟ. ಬಹಳ ಚೆನ್ನಾಗಿ ಬಂದಿತ್ತು.

ರಮಾ ಅದನ್ನು ಸ್ಕ್ರೀನ್ ಮೇಲೆ ನೋಡಿ, "ಇದನ್ನೇ ಹಾಕ್ಬೇಕಾ?" ಎಂದು ಕೇಳಿದಳು.

"ನಿಜ ಇರೋದೇ ಚೆಂದ," ಅಂದೆ. ನಿಜ ಹೇಳಿದರೆ ನನಗೇನೂ ಕಳೆದುಹೋಗುವುದಿರಲಿಲ್ಲ ನೋಡಿ, ಅದಕ್ಕೇ ಅಷ್ಟು ಸಲೀಸಾಗಿ ಅಂದೆ.

ಲಕ್ಕಮ್ಮ ಹೋಳಿಗೆ ಕಲಿತ ಕಥೆಯನ್ನೂ ಬರೆದೆ. ಹುಡುಗಿಯಾಗಿದ್ದಾಗ ಗೌಡರ ಮನೆಯ ಮದುವೆಗಳಲ್ಲಿ ಎಲೆ ಎತ್ತುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಅಡುಗೆಯ ಚಪ್ಪರದೊಳಗೆ ಕಾಲಿಡುವಂತಿರಲಿಲ್ಲ. ಬೇಲಿಯ ಆಚೆ ನಿಂತು, ಭಟ್ಟರ ಕೈ ಹೇಗೆ ಆಡುತ್ತದೆ ಎಂದು ನೋಡಿ ನೋಡಿಯೇ ಕಲಿತಿದ್ದಳು. ಕೊನೆಗೆ ಮಂಡಿಯ ಫೋನ್ ನಂಬರ್ ಹಾಕಿ, 'ಲಕ್ಕಮ್ಮನ ಕಾಯಿ ಹೋಳಿಗೆ' ಎಂದು ದಪ್ಪಕ್ಷರದಲ್ಲಿ ಹೆಸರು ಕೊಟ್ಟೆ. ಲಕ್ಕಮ್ಮನನ್ನು ಸೈಬರ್‌ಗೆ ಕರೆತಂದು ತೋರಿಸಿದಾಗ ಅವಳು ಸೆರಗಿನಿಂದ ಕೈ ಒರೆಸಿಕೊಂಡು ಸ್ಕ್ರೀನ್ ಮುಟ್ಟಿ ನೋಡಿದಳು.

"ಇದು ಎಲ್ಲಾ ಊರಲ್ಲೂ ಕಾಣ್ತದಾ ಮಗಾ?"

"ಅಮೆರಿಕಾದಲ್ಲೂ ಕಾಣತ್ತೆ ಲಕ್ಕಮ್ಮ."

"ನಮ್ ಮುದ್ದಕ್ಕಂಗೆ ತೋರುಸ್ಬೇಕು. ಅರೇಹಳ್ಳೀಲವ್ಳೆ," ಎಂದು ನಕ್ಕಳು.

ಆರ್ಕುಟ್‌ನ ಗುಂಪುಗಳಲ್ಲಿ ಕೊಂಡಿ ಹಾಕಿದೆ. ಒಂದೇ ವಾರಕ್ಕೆ ನಲವತ್ತೊಂದು ಕಾಮೆಂಟ್ ಬಂದವು. 'ಕಣ್ಣು ತುಂಬಿ ಬಂತು', 'ಇಂಥವರು ಬೆಳೆಯಬೇಕು' ಎಂದೆಲ್ಲ ಬೆಂಗಳೂರಿನವರು ಬರೆದರು. ನಾನು ಉಬ್ಬಿಹೋದೆ. ಆರ್ಡರ್ ಬಂದಿದ್ದು ಎರಡು. ಕಣ್ಣು ತುಂಬಿಕೊಂಡವರಿಗೆ ಹೊಟ್ಟೆ ಹಸಿದಿರಲಿಲ್ಲವೇನೋ.

ಅದೇ ಹೊತ್ತಿಗೆ ನಮ್ಮೂರಿನವನೇ ಒಬ್ಬ ಎಲ್ಲೋ ಕೂತು ಅದನ್ನು ಓದಿ ಮನೆಗೆ ಫೋನ್ ಮಾಡಿದ. ಮರುದಿನ ಬೆಳಿಗ್ಗೆ ಗಂಗಾಧರಪ್ಪನವರ ಗೃಹಪ್ರವೇಶಕ್ಕೆ ಐದುನೂರು ಹೋಳಿಗೆ ಹೋಗಬೇಕಿತ್ತು. ಕಾಯಿ ತುರಿದು, ಹೂರಣ ಕಾಯಿಸಿ, ಕಣಕ ನೆನೆಸಿ ಆಗಿತ್ತು. ಗಂಗಾಧರಪ್ಪ ಮಂಡಿಗೆ ಬಂದು, "ಹೋಳಿಗೆ ಬ್ಯಾಡ ಬುಡಿ ಷಡಕ್ಷರಪ್ಪ, ಮನೆ ಹೆಣ್ಮಕ್ಳೇ ಮಾಡ್ತಾರಂತೆ," ಎಂದು ಅಪ್ಪನ ಮುಖ ನೋಡದೆ ಹೇಳಿ ಹೋದರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಎಲ್ಲರ ಮನೆಯ ಹೆಣ್ಣುಮಕ್ಕಳಿಗೂ ಒಂದೇ ವಾರದಲ್ಲಿ ಹೋಳಿಗೆ ಮಾಡುವ ಹುಮ್ಮಸ್ಸು ಬಂದಿತ್ತು. ನಿಜವಾದ ಕಾರಣವನ್ನು ಮಾತ್ರ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ನಮ್ಮಮ್ಮ ರುದ್ರಮ್ಮ ಕೂಗಾಡಲಿಲ್ಲ. ಹೋಳಿಗೆ ಬರುತ್ತಿದ್ದ ಸ್ಟೀಲ್ ಡಬ್ಬವನ್ನು ಹಿತ್ತಲಲ್ಲಿಟ್ಟು ಬೂದಿ ಹಾಕಿ ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಅಪ್ಪ, "ಇನ್ಮೇಲೆ ನಮ್ಮಲ್ಲಿ ಚೀಟಿ ಬ್ಯಾಡ," ಅಂದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಆದರೆ ಆ ಸಿಟ್ಟಿನಲ್ಲಿ ನಾನು ಮಾಡಿದ ಕೆಲಸ ಅವರಿಬ್ಬರದಕ್ಕಿಂತ ಕೆಟ್ಟದಾಗಿತ್ತು.

ರಮಾಳ ಒಲೆ ಆರಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಊರಿನ ಗಿರಾಕಿ ಹೋದರೆ ಹೋಗಲಿ, ಹೊರಗಿನವರನ್ನು ಹಿಡಿಯೋಣ ಎಂದುಕೊಂಡೆ. ಬ್ಲಾಗಿನಿಂದ ಲಕ್ಕಮ್ಮನ ಫೋಟೊ ತೆಗೆದೆ, ಬೇಲಿಯ ಕಥೆ ಅಳಿಸಿದೆ, ಮಂಡಿಯ ನಂಬರ್ ಬದಲು ನನ್ನ ಮೊಬೈಲ್ ನಂಬರ್ ಹಾಕಿದೆ. ಆ ಜಾಗಕ್ಕೆ ನಮ್ಮಮ್ಮ ಗೌರಿಹಬ್ಬದ ದಿನ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಫೋಟೊ ಬಂತು. ಮೇಲೆ 'ರುದ್ರಮ್ಮನವರ ಕಾಯಿ ಹೋಳಿಗೆ'. ಕೆಳಗೆ 'ತಲೆಮಾರುಗಳಿಂದ ಬಂದ ಕೈರುಚಿ'. ಅಮ್ಮನನ್ನು ಕೇಳಲಿಲ್ಲ, ಲಕ್ಕಮ್ಮನನ್ನೂ ಕೇಳಲಿಲ್ಲ. ಮಾಡಿ ಮುಗಿಸಿದ ಮೇಲೆ ರಮಾಳನ್ನು ಕರೆದು ತೋರಿಸಿದೆ.

ಅವಳು ಮೇಲಿನ ಹೆಸರಿನಿಂದ ಕೆಳಗಿನ ಸಾಲಿನವರೆಗೆ ಓದಿದಳು.

"ವ್ಯಾಪಾರ ಕಣೇ ಇದು," ಅಂದೆ. "ಕೈ ಲಕ್ಕಮ್ಮಂದೇ ತಾನೇ? ಅಂಗಡಿ ಮಾಡೋಷ್ಟು ಆಗ್ಲಿ, ಆಮೇಲೆ ಬೋರ್ಡಿಗೆ ಅವರ ಹೆಸರೇ ಹಾಕೋಣ."

"ಅತ್ತೆಗೆ ಹೇಳ್ಬೇಡಿ," ಅಂದಳು. ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಆರ್ಡರ್ ಬರತೊಡಗಿದವು. ಬೆಂಗಳೂರು, ತುಮಕೂರು, ಮೈಸೂರು. ಬಸ್ಸಿನ ಪಾರ್ಸೆಲ್‌ನಲ್ಲಿ ವಾರಕ್ಕೆ ಮುನ್ನೂರು ಹೋಳಿಗೆ ಹೋದವು. 'ಅಮ್ಮನವರ ಮುಖದಲ್ಲೇ ಅನ್ನಪೂರ್ಣೆ ಇದ್ದಾಳೆ' ಎಂದು ಒಬ್ಬರು ಬರೆದರು. ಲಕ್ಕಮ್ಮನ ಕಥೆಗೆ ಕಣ್ಣು ತುಂಬಿಕೊಂಡಿದ್ದ ಹೆಂಗಸೊಬ್ಬಳು ಈಗ ಐವತ್ತು ತರಿಸಿಕೊಂಡಳು. ಆಕೆಯ ಹೆಸರು ನೋಡಿ ನನಗೆ ನಾಚಿಕೆಯಾಯಿತು. ಆದರೂ ವಿಳಾಸ ಬರೆದು ಪಾರ್ಸೆಲ್ ಕಳಿಸಿದೆ. ಇತ್ತ ಲಕ್ಕಮ್ಮ ತನ್ನ ಫೋಟೊ ನೋಡಿಯೇ ಇಷ್ಟು ಜನ ಕೇಳುತ್ತಿದ್ದಾರೆ ಎಂದುಕೊಂಡು ಖುಷಿಯಾಗಿ ತಟ್ಟುತ್ತಿದ್ದಳು.

ಮೂರು ತಿಂಗಳಾಗಿರಬೇಕು. ಒಂದು ಸೋಮವಾರ ಮಧ್ಯಾಹ್ನ ಲಕ್ಕಮ್ಮ ಮೆಟ್ಟಿಲು ಹತ್ತಿ ಬಂದಳು. ಜೊತೆಗೆ ಅವಳದೇ ಮುಖದ, ಇನ್ನೂ ವಯಸ್ಸಾದ ಹೆಂಗಸು. ಅರೇಹಳ್ಳಿಯಿಂದ ಬೇಲೂರಿಗೆ, ಬೇಲೂರಿನಿಂದ ಇಲ್ಲಿಗೆ ಬಸ್ಸು ಬದಲಾಯಿಸಿಕೊಂಡು ಬಂದಿದ್ದ ಅಕ್ಕ ಮುದ್ದಮ್ಮ.

"ನಮ್ಮಕ್ಕಂಗೆ ನನ್ ಫೋಟ ತೋರ್ಸು ಮಗಾ," ಅಂದಳು ಲಕ್ಕಮ್ಮ. ಇಬ್ಬರೂ ಹೊಸ ಸೀರೆ ಉಟ್ಟಿದ್ದರು.

"ನೆಟ್ ಬರ್ತಿಲ್ಲ ಲಕ್ಕಮ್ಮ."

ಅವಳು ಸುತ್ತ ನೋಡಿದಳು. ಉಳಿದ ನಾಲ್ಕೂ ಕಂಪ್ಯೂಟರ್‌ಗಳ ಮುಂದೆ ಜನ ಕೂತಿದ್ದರು. "ಅವರ್ಗೆಲ್ಲಾ ಬತ್ತಾ ಐತಲ್ಲ," ಅಂದಳು. ಅನುಮಾನದಿಂದಲ್ಲ, ನನಗೆ ನೆನಪು ಮಾಡುವವಳ ಹಾಗೆ.

ಫೋಟೊ ಅಳಿಸಿರಲಿಲ್ಲ. ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿತ್ತು. ಅದನ್ನಷ್ಟೇ ತೆರೆದು ತೋರಿಸಿದ್ದರೆ ಇಬ್ಬರೂ ನಂಬಿ ಹೋಗುತ್ತಿದ್ದರು. ಆ ಯೋಚನೆ ಬಂದೂ ಇತ್ತು. ಕೈ ಬರಲಿಲ್ಲ. ಬ್ಲಾಗ್ ತೆರೆದು ಕುರ್ಚಿಯಿಂದ ಎದ್ದು ನಿಂತೆ.

ಲಕ್ಕಮ್ಮ ಬಗ್ಗಿ ನೋಡಿದಳು. ಮುದ್ದಮ್ಮ, "ಇದ್ಯಾರೇ?" ಅಂದಳು.

"ಇವ್ರು ನಿಮ್ಮವ್ವ ಅಲ್ವಾ?" ಲಕ್ಕಮ್ಮ ನನ್ನನ್ನು ಕೇಳಿದಳು.

"ಹೂಂ."

"ನಾನು?"

ಊರಿನವರು ಹೀಗೆ ಮಾಡಿದರು, ಅದಕ್ಕೇ ಹೀಗೆ ಮಾಡಬೇಕಾಯಿತು, ಎಲ್ಲಾ ನಿಮಗೋಸ್ಕರವೇ ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೇಲಿ ಆಚೆ ನಿಂತಿದ್ದಾಗ ಕೈಯಾದ್ರೂ ನಂದೇ ಆಗಿತ್ತವ್ವ," ಅಂದಳು. ಅಕ್ಕನ ಕೈ ಹಿಡಿದು ಮೆಟ್ಟಿಲಿಳಿದಳು. ಹೊಸ ಸೀರೆ ಕಾಲಿಗೆ ತೊಡರಬಾರದೆಂದು ಇಬ್ಬರೂ ನೆರಿಗೆ ಎತ್ತಿ ಹಿಡಿದುಕೊಂಡಿದ್ದರು.

ಮರುದಿನ ರಮಾಳ ಕೋಣೆಗೆ ಹೋದೆ. ಹೆಂಚು ಬೋರಲು ಹಾಕಿತ್ತು. ಲಕ್ಕಮ್ಮ ಅಕ್ಕನ ಜೊತೆ ಅರೇಹಳ್ಳಿಗೆ ಹೋದಳೆಂದೂ, ಕಾಫಿ ತೋಟದ ಕೂಲಿಗೆ ಸೇರುತ್ತಾಳೆಂದೂ ರಮಾ ಹೇಳಿದಳು. ಕೋಣೆ ಖಾಲಿ ಮಾಡುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ.

ಸೈಬರ್‌ಗೆ ಬಂದು, ಆರ್ಡರ್ ಕೊಟ್ಟವರಿಗೆಲ್ಲ ಫೋನ್ ಮಾಡಿ ಹೋಳಿಗೆ ಬರುವುದಿಲ್ಲ ಎಂದು ತಿಳಿಸುತ್ತಾ ಹೋದೆ. ಐವತ್ತು ಹೋಳಿಗೆ ತರಿಸಿಕೊಂಡಿದ್ದ ಬೆಂಗಳೂರಿನ ಆ ಹೆಂಗಸು ಗಾಬರಿಯಾದರು.

"ಅಯ್ಯೋ, ಯಾಕ್ರೀ? ರುದ್ರಮ್ಮನವರಿಗೆ ಹುಷಾರಿಲ್ವಾ?"

ಆಗಲಾದರೂ ಹೇಳಬಹುದಿತ್ತು. ಆಕೆಯೇ ಹಿಂದೆ ಕಣ್ಣು ತುಂಬಿಕೊಂಡು ಓದಿದ್ದ ಲಕ್ಕಮ್ಮನ ಹೆಸರನ್ನು ಮತ್ತೊಂದು ಸಲ ನೆನಪಿಸಬಹುದಿತ್ತು.

"ಹೌದು, ಹುಷಾರಿಲ್ಲ," ಅಂದೆ.

"ಪಾಪ, ಆ ಕೈ ಬೇಗ ಗುಣವಾಗ್ಲಿ," ಎಂದು ಹರಸಿ ಆಕೆ ಫೋನಿಟ್ಟರು. ನಾನು ಮುಂದಿನ ನಂಬರ್ ಒತ್ತಿದೆ.