ತೆಕ್ಕೆಗೆ ಬಾರದ ಜಾಲಿ

“ಕೈ ಚಾಚಲೇ ಬೋಳೀಮಗನ. ಹೇಣ್ತಿನ್ನ ತಬ್ಬಿದಂಗ ತಬ್ಬಬ್ಯಾಡ, ಗಿಡಾ ತಬ್ಬಿದಂಗ ತಬ್ಬು.”

ಬಸಂತರಾಯ ಗೌಡನ ಮಾತಿಗೆ ಅವನ ಆಳುಗಳಿಬ್ಬರು ನಕ್ಕರು. ಗಿಡಗಳಿಗೆ ಬೆಲೆ ಕಟ್ಟಲು ತಾಲೂಕಿನ ಕಂದಾಯ ಕಚೇರಿಯಿಂದ ಬಂದಿದ್ದ ಸರ್ಕಲ್ ಸಾಹೇಬನೂ ಗೌಡನ ಮುಖ ನೋಡಿಕೊಂಡು ಒಂದಿಷ್ಟು ನಕ್ಕ. ಯಮನಪ್ಪ ಮಾತ್ರ ಕರಿಜಾಲಿಯ ಬೊಡ್ಡೆಗೆ ಎದೆ ಹಚ್ಚಿ, ಕೆನ್ನೆ ಹಚ್ಚಿ, ಎರಡೂ ಕೈ ಸುತ್ತಿ ನಿಂತಿದ್ದ. ತೊಗಟೆ ಬರಿಮೈಗೆ ಗರಗಸದ ಹಲ್ಲಿನಂತೆ ಒತ್ತುತ್ತಿತ್ತು. ಗಿಡದ ಆಚೆ ಬದಿಗೆ ಅವನ ಕೈಗಳ ನಡುವೆ ನಾಲ್ಕು ಬೆರಳಿನಷ್ಟು ತೆರಪು ಉಳಿದಿತ್ತು. ಆ ತೆರಪಿನಲ್ಲಿ ಅವನ ಅಕ್ಕ ಗುಂಡವ್ವನ ಹೊಲವಿತ್ತು.

ಹೊಲ ಅಂದರೆ ಗೌಡನದೇ. ಗುಂಡವ್ವ ಮತ್ತು ಸತ್ತುಹೋದ ಅವಳ ಗಂಡ ಪಾಲಿಗೆ ಮಾಡಿಕೊಂಡು ಬಂದದ್ದು. ಬದುವಿನ ಮೇಲಿನ ಮೂರು ಜಾಲಿಗಳನ್ನು ಹಚ್ಚಿದವರು ಅವರು. ಆಡು ಮೇಯದಂತೆ ಸುತ್ತ ಮುಳ್ಳು ಕಟ್ಟಿ, ಹಳ್ಳದಿಂದ ಕೊಡ ಹೊತ್ತು ಬೆಳೆಸಿದವರೂ ಅವರೇ. ಉಳುವವರ ಹೆಸರಿಗೇ ಹೊಲ ಆಗುತ್ತದಂತೆ ಎಂಬ ಸುದ್ದಿ ಗೌಡನ ನಿದ್ದೆ ಕೆಡಿಸಿತ್ತು. ಅಷ್ಟರೊಳಗೆ ಇವಳನ್ನು ಎಬ್ಬಿಸಬೇಕು. ಆದರೆ ಮುಂಬೈ ಸರಕಾರದ ಕಾಯ್ದೆ ಒಂದು ಕೊಕ್ಕೆ ಇಟ್ಟಿತ್ತು: ಪಾಲಿನವರು ನೆಟ್ಟ ಗಿಡಗಳ ಬೆಲೆ ಕೊಟ್ಟೇ ಅವರನ್ನು ಎಬ್ಬಿಸಬೇಕು. ಬಂಡಿಯ ಗಾಲಿಗೆ, ಅಚ್ಚಿಗೆ ಬರುವ ಇಮಾರತಿ ಕಟ್ಟಿಗೆ ಎಂದು ಸರ್ಕಲ್ ಹೇಳಿದರೆ, ಅದು ಹಿಪ್ಪರಗಿಯ ಬಡಿಗರು ಮುಗಿಬೀಳುವ ಮಾಲು. ಅಷ್ಟು ಬೆಲೆ ತೆರುವ ಬದಲು ಗೌಡ ಹೊಲದ ಆಸೆಯನ್ನೇ ಬಿಟ್ಟಾನು. ಗಂಟು ಬಿಚ್ಚುವ ಕುಳವಲ್ಲ ಅವನು. ಒಲೆ ಕಟ್ಟಿಗೆ ಎಂದರೆ ನಾಲ್ಕು ಕಾಸು ಎಸೆದು ನಾಳೆಯೇ ಗುಂಡವ್ವನನ್ನು ಬದುವಿನಾಚೆ ತಳ್ಳಬಹುದು.

ಇಮಾರತಿಯೋ ಒಲೆಯೋ ಎಂದು ತೀರ್ಮಾನಿಸುವುದು ತೆಕ್ಕೆ. ಆಳೊಬ್ಬ ಬೊಡ್ಡೆಯನ್ನು ತಬ್ಬಿದಾಗ ಕೈಗೆ ಕೈ ಹತ್ತಿದರೆ ಒಲೆಗೆ, ಹತ್ತದಿದ್ದರೆ ಇಮಾರತಿಗೆ. ಸರ್ಕಲ್ ಸಾಹೇಬನ ಚೀಲದಲ್ಲಿ ಅಳತೆಯ ಪಟ್ಟಿ ಇತ್ತು. ಆದರೆ ಪಟ್ಟಿ ಎಲ್ಲರಿಗೂ ಒಂದೇ ಉದ್ದ. ತೆಕ್ಕೆಯಾದರೆ ಆಳನ್ನು ಆರಿಸಬಹುದು. ಗೌಡನ ಮನೆಯ ಹೋಳಿಗೆ ಉಂಡು ಬಂದವನಿಗೆ ಅಷ್ಟು ತಿಳಿಯದೇ? ಊರಲ್ಲೇ ಉದ್ದ ಕೈಯವನು ಗೌಡನ ಜೀತದಾಳು ಯಮನಪ್ಪ. ಮೇಲಾಗಿ ಗುಂಡವ್ವನ ಒಡಹುಟ್ಟಿದವನು. ನಾಳೆ ಯಾರಾದರೂ ಕೇಳಿದರೆ, ಅವಳ ತಮ್ಮನೇ ಅಳೆದ ಎನ್ನಬಹುದು.

ಯಮನಪ್ಪ ಉಸಿರು ತುಂಬಿ ಎದೆ ಉಬ್ಬಿಸಿದ್ದ, ಮೊಣಕೈ ಚೂರು ಮಡಚಿದ್ದ. ಅವನಿಂದಾದ ಕಳ್ಳತನ ಅಷ್ಟೇ.

“ಕೈ ಹತ್ತವಲ್ದರಿ ಸಾಹೇಬ್ರ,” ಎಂದ.

ಗೌಡ ಎದ್ದು ಬಂದು ಗಿಡದ ಸುತ್ತ ಒಂದು ಸುತ್ತು ಹಾಕಿದ. ಮುಟ್ಟುವಂತಿಲ್ಲವಲ್ಲ, ಬೆತ್ತದ ತುದಿಯಿಂದ ಮೊಣಕೈ ತಿವಿದು ನೋಡಿದ. ಮಡಚಿದ್ದು ಸಿಕ್ಕಿಬಿತ್ತು. ಅದೇ ಬೆತ್ತ ಯಮನಪ್ಪನ ಬೆನ್ನ ಮೇಲೆ ಎಡೆಬಿಡದೆ ಇಳಿಯಿತು.

“ನನ್ನ ಜ್ವಾಳಾ ತಿಂದು ನನಗ ಮಣ್ಣ ಹಾಕತಿಯೇನಲೇ ಹೊಲ್ಯಾ? ಲೇ ಗುರಪ್ಪಾ, ಹಗ್ಗಾ ತಾ.”

ಕೈ ಹಿಡಿದು ಜಗ್ಗಿದರೆ ಮೈಲಿಗೆ; ಹಗ್ಗಕ್ಕೆ ಮೈಲಿಗೆಯಿಲ್ಲ. ಗುರಪ್ಪ ದೂರದಿಂದಲೇ ಎರಡು ಹಗ್ಗ ಎಸೆದ. ಯಮನಪ್ಪನೇ ಹಲ್ಲಿನಿಂದ ಕಚ್ಚಿ ತನ್ನ ಎರಡೂ ಮಣಿಕಟ್ಟಿಗೆ ಗಂಟು ಬಿಗಿದುಕೊಳ್ಳಬೇಕಾಯಿತು. ತುದಿಗಳನ್ನು ಹಿಡಿದು ಗುರಪ್ಪ ಮತ್ತು ಇನ್ನೊಬ್ಬ ಆಳು ಗಿಡದ ಹಿಂದೆ ನಿಂತು ಜಗ್ಗಿದರು. ಎದೆಯ ಚರ್ಮ ತೊಗಟೆಗೆ ಹತ್ತಿಕೊಂಡು ಕಿತ್ತಿತು. ರಟ್ಟೆಯ ಒಳಗೆ ಏನೋ ಲಟಕ್ ಅಂದಿತು. ತನ್ನ ಬಾಯಿಂದ ಬಂದ ಸದ್ದು ಯಮನಪ್ಪನಿಗೇ ಗುರುತು ಹತ್ತಲಿಲ್ಲ. ಬೆರಳಿಗೆ ಬೆರಳು ತಾಗಿತು.

“ಹತ್ತಿತು. ಒಲಿ ಕಟಗಿ,” ಎಂದ ಸರ್ಕಲ್.

ಎರಡನೆಯ ಗಿಡಕ್ಕೂ ಅದೇ ಗತಿಯಾಯಿತು. ಆಗ ಬದುವಿನ ಕೆಳಗೆ ಕುಳಿತಿದ್ದ ಗುಂಡವ್ವ ಎದ್ದು ಬಂದಳು.

“ಹಿಂಗ ಹಗ್ಗಾ ಹಚ್ಚಿ ಜಗ್ಗಿದ್ರ ಗುಡಿ ಕಂಬಾನೂ ತೆಕ್ಕಿಗಿ ಬರ್ತಾವ್ರಿ ಸಾಹೇಬ್ರ. ನಿಮ್ಮ ಚೀಲದಾಗಿನ ಪಟ್ಟಿ ತಗೀರಿ. ಇಲ್ಲಾಂದ್ರ ನಾ ಇಂಡಿ ಕಚೇರಿಗಿ ನಡಕೊಂಡ ಹೋಗ್ತೇನಿ. ಗೌಡ್ರ ಆಳ ನನ್ನ ತಮ್ಮನ ರಟ್ಟಿ ಹರದ್ರು ಅಂತ ದೊಡ್ಡ ಸಾಹೇಬ್ರ ಮುಂದ ಹೇಳ್ತೇನಿ.”

“ಇಂಡಿಗಿ ಹೋಗ್ತಾಳಂತ ರಂಡಿ.” ಗೌಡ ಮೆಟ್ಟುಗಾಲಿನಿಂದ ಅವಳ ಹೊಟ್ಟೆಗೆ ಒದ್ದ. ಉದುರಿದ ಜಾಲಿ ಮುಳ್ಳಿನ ಮೇಲೆ ಬಿದ್ದವಳು ಅಂಗೈ ಊರಿ ಎದ್ದಳು. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಸರ್ಕಲ್ ಸಾಹೇಬನ ಮುಖ ಹುಳ್ಳಗಾಯಿತು. “ಗೌಡ್ರ, ಹಗ್ಗದ ಮಾತು ಮ್ಯಾಲ ಹೋದ್ರ ನನ್ನ ನೌಕರಿಗಿ ಕುತ್ತು ಬರ್ತೈತಿ ನೋಡ್ರಿ. ನಿಮ್ಮ ಆಳಿನ ಕೈಯಾಗ ಹಗ್ಗ ಇರೂದು ಬ್ಯಾಡ.”

ಗೌಡ ಒಂದು ಗಳಿಗೆ ಯೋಚಿಸಿದ. ಆಮೇಲೆ ನಕ್ಕ. ಹುಟ್ಟಿದಾಗಿನಿಂದ ಆ ನಗೆ ಬಲ್ಲ ಯಮನಪ್ಪ ಅಕ್ಕನ ಕಡೆ ತಿರುಗಿ ನೋಡಿದ.

“ಆಕಿ ಕೈಯಾಗ ಕೊಡ್ರಿ ಹಗ್ಗಾ. ತಮ್ಮ ಆಕೀ ತಮ್ಮ, ಆಕಿನ ಜಗ್ಗಲಿ. ಆಮ್ಯಾಲ ಇಂಡಿಗಿ ಹೋಗಿ ಹೇಳಲಿ, ನಾನ ಜಗ್ಗೇನ್ರಿ ಅಂತ.”

“ನಾ ಜಗ್ಗಂಗಿಲ್ಲ,” ಎಂದಳು ಗುಂಡವ್ವ.

ಗುರಪ್ಪ ಬದುವಿಗೆ ಒರಗಿಸಿದ್ದ ಕೊಡಲಿ ಎತ್ತಿಕೊಂಡು ಅದರ ಕಾವಿನಿಂದ ಅವಳ ಮೊಣಕಾಲಿಗೆ ಹೊಡೆದ. ಕುಸಿದವಳು ಮತ್ತೆ ಅದನ್ನೇ ಹೇಳಿದಳು. ಅವನು ಮತ್ತೆ ಹೊಡೆದ. ಮೂಳೆಗೆ ಕಟ್ಟಿಗೆ ತಾಗುವ ಸದ್ದು ಯಮನಪ್ಪನಿಗೆ ತನ್ನ ರಟ್ಟೆಯ ನೋವಿಗಿಂತ ಹೆಚ್ಚಾಯಿತು.

“ಅಕ್ಕಾ, ಹಗ್ಗಾ ಹಿಡಿ. ನನ್ನ ಮಾತ ಕೇಳು.”

ಅವಳು ತಮ್ಮನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಹಗ್ಗದ ತುದಿ ಹಿಡಿದು, ಕಾಲೆಳೆಯುತ್ತ, ಮೂರನೆಯ ಜಾಲಿಯ ಹಿಂದಕ್ಕೆ ಹೋದಳು. ಮೂರರಲ್ಲಿ ದಪ್ಪನೆಯ ಗಿಡ ಅದು. ಗೌಡ ಎಲೆಯಡಿಕೆ ಮೆಲ್ಲುತ್ತ ಅದೇ ಬೊಡ್ಡೆಗೆ ಬೆನ್ನು ಹಚ್ಚಿ ನಿಂತಿದ್ದ.

“ಬಾರಲೇ, ತೆಕ್ಕಿ ಹಾಕು ಬಾ,” ಎಂದ.

ಯಮನಪ್ಪನಿಗೆ ಸಿಟ್ಟು ಬಂದಿತ್ತು ಎನ್ನುವುದು ಸಣ್ಣ ಮಾತು. ಹೆಂಡತಿ, ಮಕ್ಕಳು, ಗೌಡ ಅಳೆದು ಕೊಡುವ ಜೋಳ, ನಾಳಿನ ಜೈಲು, ಎಲ್ಲವೂ ತಲೆಯಲ್ಲಿ ಹಾದುಹೋದವು. ಯಾವುದೂ ಅವನನ್ನು ತಡೆದು ನಿಲ್ಲಿಸಲಿಲ್ಲ. ಗೌಡ ಸರಿಯುವವರೆಗೆ ಅವನು ಕಾಯಲಿಲ್ಲ. ಹೋರಿಯಂತೆ ನುಗ್ಗಿ ಗೌಡನನ್ನೂ ಗಿಡವನ್ನೂ ಕೂಡಿಸಿ ತಬ್ಬಿದ. ಬಿಳಿ ಅಂಗಿಗೆ ಅವನ ಎದೆಯ ನೆತ್ತರು ಮೆತ್ತಿತು. ಇಷ್ಟು ಹತ್ತಿರದಿಂದ ಗೌಡನ ಮುಖವನ್ನು ಅವನು ಎಂದೂ ನೋಡಿರಲಿಲ್ಲ. ಮೂಗಿನ ಮೇಲೆ ಬೆವರಿತ್ತು, ಕಣ್ಣಿನಲ್ಲಿ ಹೆದರಿಕೆಯಿತ್ತು.

“ಮುಟ್ಟಿದ್ನಲೇ, ಬಿಡಸ್ರಲೇ,” ಎಂದು ಗೌಡ ಚೀರಿದ.

ಗುರಪ್ಪನ ಕಾವು ಯಮನಪ್ಪನ ಬೆನ್ನಿಗೆ ಬಿತ್ತು, ತಲೆಗೆ ಬಿತ್ತು. ಕಣ್ಣಿಗೆ ನೆತ್ತರು ಇಳಿಯಿತು. ಗಾಯದ ರಟ್ಟೆ ಸೋತು ಕೈ ಜಾರತೊಡಗಿತು.

“ಅಕ್ಕಾ,” ಎಂದ, “ಈಗ ಜಗ್ಗು.”

ಮಣಿಕಟ್ಟಿನ ಹಗ್ಗ ಒಮ್ಮೆ ಸಡಿಲಾಯಿತು. ಅವಳು ತುದಿಗಳನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಆಮೇಲೆ ಬಿಗಿಯಿತು. ಅವನ ಎದೆಯ ಕೆಳಗೆ ಗೌಡನ ಪಕ್ಕೆಲುಬು ಮುರಿದ ಸದ್ದು ಕೇಳಿಸಿತು. ಚೀರಾಟ ನಿಂತು ಬರೀ ಉಸಿರು ಉಳಿಯಿತು, ಅದರ ಜೊತೆಗೆ ಕೆಂಪು ಉಗುಳು. ಸರ್ಕಲ್ ಸಾಹೇಬ ಚೀಲ ಅಲ್ಲೇ ಬಿಟ್ಟು ಹಳ್ಳದ ಕಡೆಗೆ ಓಡುತ್ತಿದ್ದ. ಗುರಪ್ಪ ಕೊಡಲಿಯ ಬಾಯಿಯನ್ನು ಈ ಕಡೆ ತಿರುಗಿಸಿ ಎತ್ತಿದ. ಗಿಡದ ಹಿಂದೆ ಗುಂಡವ್ವ ಇನ್ನೂ ಜಗ್ಗುತ್ತಿದ್ದಳು.