ಅಂಬಾಸಿಡರ್‌ನ ಕ್ರೌನ್ ಎಣ್ಣೆ

ಕಾರು ಊಳಿಡಲು ಶುರುಮಾಡಿದ್ದು ದೀಪಾವಳಿಗೆ ಸ್ವಲ್ಪ ಮುಂಚೆ. ಅವತ್ತಿನಿಂದ ನಮ್ಮವರೆಲ್ಲರ ಬಾಯಲ್ಲೂ ಒಂದೇ ಮಾತು: ವೀಣಾ ಓಡಿಸಿ ಓಡಿಸಿ ಹಾಳುಮಾಡಿದಳು. ವೀಣಾ ಎಂದರೆ ನಾನು. ಶಿವಮೊಗ್ಗದ ಕೋಟೆಯ ಹತ್ತಿರ ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಹೊಲಿದ ಬಟ್ಟೆಗಳನ್ನು ಗಂಟು ಕಟ್ಟಿ, ಡಿಕ್ಕಿಯಲ್ಲಿ ತುಂಬಿಕೊಂಡು, ಭದ್ರಾವತಿಯ ಶಾಲೆಗಳಿಗೆ ತಲುಪಿಸಿ ಬರುವುದು ಇದೇ ಕಾರಿನಲ್ಲಿ. ಅಪ್ಪನ ಹಳೆಯ ಬಿಳಿ ಅಂಬಾಸಿಡರ್ ಅದು.

ಅಪ್ಪ ಸುಬ್ಬಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಈಗ ಅಲ್ಲೇ ಓಲ್ಡ್ ಟೌನಿನ ಸ್ವಂತ ಮನೆಯಲ್ಲಿದ್ದಾನೆ. ಮಂಡಿನೋವಿನಿಂದ ಕ್ಲಚ್ ಒತ್ತಲು ಆಗದಂತಾದಾಗ ಕಾರಿನ ಕೀಯನ್ನು ನನ್ನ ತಮ್ಮ ನವೀನನಿಗೆ ಕೊಡಲಿಲ್ಲ, ನನಗೆ ಕೊಟ್ಟ. ಪ್ರೀತಿ ಉಕ್ಕಿ ಕೊಟ್ಟದ್ದೇನಲ್ಲ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು ನಾನೊಬ್ಬಳೇ. ಆದರೂ ಕೊಟ್ಟನಲ್ಲ ಎಂದು ನಾನು ಹಿಗ್ಗಿದ್ದು ನಿಜ.

ಕಾರು ಊಳಿಡುತ್ತಿದೆ ಎಂದು ನಾನೇ ಫೋನ್ ಮಾಡಿ ಹೇಳಿದೆ. ಬಚ್ಚಿಡುವಂಥದ್ದು ಏನಿದೆ?

"ಭಾನುವಾರ ತಂದು ಇಲ್ಲಿ ಬಿಡು," ಎಂದ ಅಪ್ಪ. "ನವೀನ ಬಂದು ತಗೊಂಡು ಹೋಗ್ತಾನೆ. ರಿಪೇರಿ ಮಾಡಿಸಿ ಅವನೇ ಇಟ್ಕೊಳ್ಲಿ. ನಿನ್ನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ಮಾರಾಯ್ತಿ."

"ನಾನೇನ್ ಮಾಡ್ದೆ ಅಪ್ಪ?"

"ಗುಂಡಿ ಕಂಡ್ರೂ ಧಡ್ ಅಂತ ಇಳಿಸ್ತೀಯ. ಹೆಂಗಸ್ರ ಡ್ರೈವಿಂಗು. ಕ್ರೌನಿನ ಹಲ್ಲು ಹೋಗದೆ ಇನ್ನೇನಾಗುತ್ತೆ?"

ಹೆಂಗಸರ ಡ್ರೈವಿಂಗಂತೆ! ಇದೇ ಹೆಂಗಸು ಸುರಿಯುವ ಮಳೆಯಲ್ಲಿ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ತಂದಾಗ, ದಾರಿಯುದ್ದಕ್ಕೂ ಗೊರಕೆ ಹೊಡೆದಿದ್ದ. ಆಗ ಒಂದು ಗುಂಡಿಯೂ ಅವನನ್ನು ಎಬ್ಬಿಸಿರಲಿಲ್ಲ. ನನ್ನ ಮೈ ಉರಿದುಹೋಯಿತು. ಕಾರು ಹೋಗುವುದಕ್ಕಿಂತ ಹೆಚ್ಚಾಗಿ, ಹಾಳುಮಾಡಿದವಳು ಎಂಬ ಹೆಸರು ಹೊತ್ತು ಅದನ್ನು ಬಿಟ್ಟುಕೊಡಬೇಕಲ್ಲ ಎಂಬುದೇ ನನ್ನನ್ನು ಸುಡುತ್ತಿತ್ತು.

ಹಿಂದಿನ ಎರಡು ಚಕ್ರಗಳ ನಡುವೆ ಒಂದು ದಪ್ಪ ಕಬ್ಬಿಣದ ಗುಂಡು ಇರುತ್ತದೆ. ಎಂಜಿನ್ನಿನ ತಿರುಗಾಟವನ್ನು ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ನಮ್ಮ ಕಡೆ ಅದಕ್ಕೆ ಕ್ರೌನ್ ಎನ್ನುತ್ತಾರೆ. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಅದರ ಎಣ್ಣೆ ಬದಲಿಸಿ, ಆಮೇಲೆ ಕಾರಿಗೆ ಹೂವು, ಚಕ್ರಕ್ಕೆ ನಿಂಬೆಹಣ್ಣು ಇಡುವುದು ಅಪ್ಪನ ಪದ್ಧತಿ. ಹೊಟ್ಟೆಗೆ ಹಾಕದೆ ಹಣೆಗೆ ಕುಂಕುಮ ಇಟ್ಟರೆ ಆಯುಧ ಮೆಚ್ಚುತ್ತದೆಯೇ ಎನ್ನುತ್ತಿದ್ದ. ಈ ಸಲ ಕೆಳಗೆ ನುಗ್ಗಲು ಅವನಿಗೆ ಮಂಡಿ ಬಗ್ಗಲಿಲ್ಲ. ನಾನು ಮಾಡುತ್ತೇನೆ ಎಂದೆ, ಕೇಳಲಿಲ್ಲ. ಗಂಡುಮಗ ಇರುವಾಗ ಮಗಳು ಕಾರಿನ ಕೆಳಗೆ ಮಲಗಿದರೆ ನೋಡಿದವರು ಏನೆಂದಾರು ಎಂಬ ಚಿಂತೆ ಅವನಿಗೆ. ಚಿಕ್ಕವಳಿದ್ದಾಗ ಅದೇ ಕಾರಿನ ಕೆಳಗೆ ಅವನ ಪಕ್ಕದಲ್ಲೇ ಮಲಗಿ ಸ್ಪ್ಯಾನರ್ ಕೊಡುತ್ತಿದ್ದವಳು ನಾನು. ನವೀನ ಎಣ್ಣೆ ವಾಸನೆಗೇ ಮೂಗು ಮುಚ್ಚಿಕೊಂಡು ಓಡುತ್ತಿದ್ದ. ಆದರೂ ಕಾರು ನವೀನನ ಅಡಿಕೆ ಶೆಡ್ಡಿಗೆ ಹೋಯಿತು, ಎಣ್ಣೆ ಬದಲಾಗಿ ಬಂತು, ಪೂಜೆಯೂ ಆಯಿತು.

ಅವನು ಎಣ್ಣೆ ಕಮ್ಮಿ ಹಾಕಿರಬೇಕು ಎಂಬುದು ನನ್ನ ಗುಮಾನಿ. ಬಿಚ್ಚಿ ನೋಡದೆ ತೀರ್ಪು ಕೊಡುವುದು ಯಾವ ಸೀಮೆಯ ನ್ಯಾಯ? ಭಾನುವಾರ ಬೆಳಿಗ್ಗೆ ಹೊಸ ಗೇರ್ ಎಣ್ಣೆಯ ಡಬ್ಬ, ಡೀಸೆಲ್, ಸ್ಪ್ಯಾನರ್, ಕೈಪಂಪು, ಒಂದು ಹಳೆಯ ಬೋಗುಣಿ ಎಲ್ಲವನ್ನೂ ಹಾಕಿಕೊಂಡು ನಿಧಾನವಾಗಿ ಹೊರಟೆ. ಕಾರು ದಾರಿಯುದ್ದಕ್ಕೂ ಊಳಿಟ್ಟಿತು. ಓವರ್‌ಟೇಕ್ ಮಾಡಿದವರೆಲ್ಲ ತಿರುಗಿ ನನ್ನ ಮುಖ ನೋಡಿದರು.

ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದ. ನಾನು ಸೀರೆಯ ಸೆರಗು ಸಿಕ್ಕಿಸಿ, ಗೋಣಿಚೀಲ ಹಾಸಿ ಕಾರಿನ ಕೆಳಗೆ ನುಗ್ಗಿದೆ.

"ಏಯ್, ಏನ್ ಮಾಡ್ತಿದೀಯ?"

"ಎಣ್ಣೆ ತೆಗಿತೀನಿ. ನೀನೇ ನೋಡು."

"ಮೊದ್ಲು ಮೇಲಿನ ಬೋಲ್ಟು ಬಿಚ್ಚು. ಅದು ಬರ್ಲಿಲ್ಲ ಅಂದ್ರೆ ಕೆಳಗಿಂದು ಮುಟ್ಬೇಡ. ಇದ್ದ ಎಣ್ಣೆನೂ ಹೋಗಿ ಹೊಸದು ಹಾಕಕ್ಕೆ ದಾರಿ ಇಲ್ದಂಗಾಗುತ್ತೆ."

"ಗೊತ್ತು. ನೀನೇ ಕಲ್ಸಿದ್ದು."

ಮೇಲಿನ ಬೋಲ್ಟು ಬಿಚ್ಚಿ ಕೆಳಗಿನದನ್ನು ತಿರುಗಿಸಿದೆ. ಬೋಗುಣಿಗೆ ಇಳಿದದ್ದು ಎಣ್ಣೆಯಾಗಿರಲಿಲ್ಲ. ಶಾಯಿಯಂತೆ ಕಪ್ಪಗಿದ್ದ, ನೀರು ನೀರಾದ ಏನೋ ಒಂದು ಬುಳುಬುಳು ಸುರಿಯಿತು. ಎಣ್ಣೆಯಾದರೆ ಬೆರಳಿಗೆ ಜಾರಬೇಕು, ಇದು ಬೆರಳುಗಳನ್ನು ಅಂಟಿಸಿ ಹಿಡಿಯಿತು. ಮೂಗಿಗೆ ಹಿಡಿದರೆ ಪರಿಚಯದ ವಾಸನೆ. ನವೀನ ಚೇಣಿದಾರ. ತೋಟಗಳ ಫಸಲನ್ನು ಮರದ ಮೇಲಿರುವಾಗಲೇ ಹಿಡಿದು, ಸುಲಿಸಿ ಬೇಯಿಸಿ ಮಾರುವುದು ಅವನ ಕಸುಬು. ಅವನ ಶೆಡ್ಡಿಗೆ ಕಾಲಿಟ್ಟರೆ ಇದೇ ವಾಸನೆ. ನಾನು ಬೋಗುಣಿಯನ್ನು ಎಳೆದು ತಂದು ಅಪ್ಪನ ಕಾಲ ಬುಡದಲ್ಲಿ ಇಟ್ಟೆ.

"ಮೂಸಿ ನೋಡು."

ಅಪ್ಪ ಬೆರಳು ಅದ್ದಿ ಮೂಸಿದ. ಬಾಯಲ್ಲಿ ಅಡಿಕೆ ಇಟ್ಟುಕೊಂಡವನಿಗೆ ಅದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಚೊಗರು," ಎಂದ ಮೆಲ್ಲಗೆ.

ಚೊಗರೇ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ರಸ, ಮುಂದಿನ ಅಡಿಕೆಗೆ ಬಣ್ಣ ಕಟ್ಟಲು ಕ್ಯಾನುಗಳಲ್ಲಿ ಎತ್ತಿಡುವಂಥದ್ದು. ಗಟ್ಟಿಯಾದಾಗ ನೋಡಲು ಗೇರ್ ಎಣ್ಣೆಯ ಹಾಗೇ ಇರುತ್ತದೆ. ಕಬ್ಬಿಣಕ್ಕೆ ತಾಗಿ ಕಪ್ಪಾಗಿತ್ತು, ಕಾದು ತೆಳುವಾಗಿತ್ತು ಅಷ್ಟೆ. ನನ್ನ ಕಾರಿನ ಹಲ್ಲುಗಳು ಇಷ್ಟು ದಿನ ಅಡಿಕೆ ಕಷಾಯದಲ್ಲಿ ತಿರುಗಿದ್ದವು!

ಅಷ್ಟರಲ್ಲಿ ನವೀನ ಬೈಕಿನಲ್ಲಿ ಬಂದ. ಬೋಗುಣಿ ನೋಡಿದ, ಅಪ್ಪನ ಬೆರಳು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಅಕ್ಕ, ಎರಡೂ ಕ್ಯಾನು ಒಂದೇ ಥರ ಇತ್ತು. ಕೆಲಸದ ಗಡಿಬಿಡೀಲಿ ಯಾವ್ದು ತಗೊಂಡ್ನೋ ಏನೋ!"

ಅಪ್ಪ ಬೈಯುತ್ತಾನೆಂದು ನಾನು ಕಾದೆ. ಅಪ್ಪನೂ ನಕ್ಕ.

"ಪಾಪ, ಸೀಸನ್ ಟೈಮು. ಯಾರಿಗಾದ್ರೂ ಆಗುತ್ತೆ ಬಿಡು. ತೊಳ್ದು ಹೊಸ ಎಣ್ಣೆ ಹಾಕಿ ಕೊಡು ವೀಣಾ, ಅವ್ನು ತಗೊಂಡು ಹೋಗ್ಲಿ."

ನಾನು ಮಾಡಿದ್ದೇನೆಂದು ಅಪ್ಪ ಸುಮ್ಮನೆ ಅಂದುಕೊಂಡಾಗ ಅದು ಹೆಂಗಸರ ಕುಲಕ್ಕೇ ಅಂಟಿದ ದೋಷ. ಅವನು ಮಾಡಿದ್ದು ಬೋಗುಣಿ ತುಂಬ ಕಣ್ಣೆದುರಿಗಿದ್ದರೂ ಅದು ಪಾಪ, ಸೀಸನ್ ಟೈಮು! ಅಲ್ಲೇ ಎಲ್ಲವನ್ನೂ ಅವರ ಮುಖಕ್ಕೆ ಎರಚಿಬಿಡಬೇಕೆನಿಸಿತು. ಎರಚಲಿಲ್ಲ. ಅರ್ಧಕ್ಕೆ ಬಿಚ್ಚಿಟ್ಟ ಕಾರಿನದೇನೂ ತಪ್ಪಿರಲಿಲ್ಲ.

ಮತ್ತೆ ಕೆಳಗೆ ನುಗ್ಗಿದೆ. ಡೀಸೆಲ್ ಹಾಕಿ ತೊಳೆದೆ, ಇಳಿಸಿದೆ, ಮತ್ತೆ ತೊಳೆದೆ. ಕಪ್ಪು ಬರುವುದು ನಿಂತ ಮೇಲೆ ಕೆಳಗಿನ ಬೋಲ್ಟು ಬಿಗಿದು, ಹೊಸ ಎಣ್ಣೆಯನ್ನು ಮೇಲಿನ ತೂತಿನಿಂದ ತುಳುಕುವವರೆಗೆ ಪಂಪು ಮಾಡಿ ಅದನ್ನೂ ಬಿಗಿದೆ. ನವೀನ ನೆರಳಿನಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ. ಮೇಲೆದ್ದು ಬಂದು ಕೈ ಒರೆಸಿಕೊಂಡೆ. ಎಣ್ಣೆ ಹೋಯಿತು, ಚೊಗರಿನ ಕಪ್ಪು ಹೋಗಲಿಲ್ಲ.

"ಕೀ ಕೊಡು," ಎಂದು ಅಪ್ಪ ಕೈಚಾಚಿದ.

ಕೀ ನನ್ನ ಮುಷ್ಟಿಯಲ್ಲಿತ್ತು. "ಕೊಡ್ತೀನಿ ಅಪ್ಪ. ಕಾರು ಹಾಳು ಮಾಡಿದ್ದು ವೀಣಾ ಅಲ್ಲ ಅಂತ ಒಂದ್ ಸಲ ಹೇಳು. ಈಗ್ಲೇ ಕೊಡ್ತೀನಿ. ಆಣೆಗೂ ಕೊಡ್ತೀನಿ."

ನಿಜವಾಗಿಯೂ ಕೊಡುತ್ತಿದ್ದೆ. ಬಟ್ಟೆಯ ಗಂಟುಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಓಡಾಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅದೊಂದು ಮಾತು.

ಅಪ್ಪ ನವೀನನ ಕಡೆ ನೋಡಿದ. ಬೋಗುಣಿಯ ಕಡೆ ನೋಡಿದ. ಬಾಯಲ್ಲಿದ್ದ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ತಳ್ಳಿದ. ನಾನು ನಿಂತೇ ಇದ್ದೆ.

"ಅಪ್ಪ, ಹೇಳಿಬಿಡು ಮಾರಾಯ, ನಂಗೆ ಲೇಟಾಗುತ್ತೆ," ಎಂದ ನವೀನ.

ಅಪ್ಪ ಹೇಳಲಿಲ್ಲ. ಚಾಚಿದ ಕೈ ನಿಧಾನಕ್ಕೆ ತೊಡೆಯ ಮೇಲೆ ಇಳಿಯಿತು. ನಾನು ಕಾರು ಹತ್ತಿ ಸ್ಟಾರ್ಟ್ ಮಾಡಿದೆ. ರಿವರ್ಸ್ ಹಾಕಿದಾಗ ಅಪ್ಪ ಕುರ್ಚಿಯಿಂದ ಅರ್ಧ ಎದ್ದು ಕೂಗಿದ.

"ವೀಣಾ, ಗೇಟಿಗೆ ತಾಗುತ್ತೆ, ನೋಡ್ಕೊಂಡು ತೆಗಿಯೇ!"