ಕಿಟಕಿಯಿಂದ ಬಂದ ಶಿಳ್ಳೆ

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮೂರು ತಿಂಗಳು ಗುಡ್ಡ ಹತ್ತಕೂಡದೆಂದು ಡಾಕ್ಟರು ಹೇಳಿದಾಗ ವಿಲ್ಫ್ ಅದನ್ನು ತಮಾಷೆಯೆಂದುಕೊಂಡ. ಇಂಗ್ಲೆಂಡಿನ ಕಂಬ್ರಿಯಾದ ಆ ಗುಡ್ಡಗಳಲ್ಲಿ ನಲವತ್ತು ವರ್ಷ ಕುರಿ ಕಾಯ್ದವನು. ಊಟಕ್ಕೂ ನೆಟ್ಟಗೆ ಕೂತವನಲ್ಲ. ಈಗ ಅಡುಗೆಮನೆಯ ಕಿಟಕಿಯ ಪಕ್ಕ ಕಾಲು ಚಾಚಿಕೊಂಡು, ಮುಳ್ಳಿನ ಮೇಲೆ ಕೂತವನ ಹಾಗೆ ದಿನ ದೂಡುತ್ತಿದ್ದ. ಒಂದು ಲೋಟ ಟೀ ತಣ್ಣಗಾಗುವಷ್ಟರಲ್ಲಿ ಮೂರು ಸಲ ಏಳುತ್ತಿದ್ದ, ಮೂರು ಸಲ ಬೈಸಿಕೊಂಡು ಕೂರುತ್ತಿದ್ದ.

ಬೈಯುತ್ತಿದ್ದವಳು ತಂಗಿ ಮೇವಿಸ್. ಇಬ್ಬರೂ ಮದುವೆಯಾಗಲಿಲ್ಲ, ಹುಟ್ಟಿದ ಮನೆ ಬಿಡಲಿಲ್ಲ. ಕುರಿಗಳ ಹೆರಿಗೆ, ಹುಲ್ಲು, ಉಣ್ಣೆ ಅವಳ ಪಾಲು. ಗುಡ್ಡ ಮತ್ತು ನಾಯಿ ಅವನ ಪಾಲು. ಮಂಡಿ ಕೈಕೊಟ್ಟಿದ್ದರಿಂದ ಈಗ ಎಲ್ಲವೂ ಅವಳ ತಲೆಗೇ ಬಂದಿತ್ತು.

ಕೂತಲ್ಲಿ ಕೂರದ ಇನ್ನೊಂದು ಜೀವವೂ ಆ ಮನೆಯಲ್ಲಿತ್ತು. ಅದು ನಿಪ್, ಹದಿನಾಲ್ಕು ತಿಂಗಳ ಕಪ್ಪು ಬಿಳುಪು ಕುರಿನಾಯಿ. ವಿಲ್ಫನೇ ಆರಿಸಿ ಸಾಕಿದ ಮರಿ. ಬೂಟು, ಬಾಗಿಲು, ಕಾರಿನ ಬೆಲ್ಟು, ಅದು ಕಡಿಯದ ವಸ್ತುವಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದರೆ ಹಗ್ಗದಳತೆಯಲ್ಲೇ ಸುತ್ತಿ ಸುತ್ತಿ ನೆಲದಲ್ಲಿ ಗುಂಡನೆಯ ದಾರಿ ಮಾಡಿತ್ತು. ಚೆನ್ನಾಗಿ ದಣಿಸಿದರೆ ತಣ್ಣಗಾಗುತ್ತದೆಂದು ವಿಲ್ಫ್ ಅಪ್ಪಣೆ ಕೊಟ್ಟ. ಮೇವಿಸ್ ಬೆಳಿಗ್ಗೆ ಸಂಜೆ ಅದನ್ನು ನಾಲ್ಕು ಚಕ್ರದ ಬೈಕಿನ ಹಿಂದೆ ಓಡಿಸಿದಳು. ಮೂರು ವಾರದಲ್ಲಿ ಬೈಕಿನ ಪೆಟ್ರೋಲು ಖಾಲಿಯಾಯಿತೇ ಹೊರತು ನಾಯಿ ದಣಿಯಲಿಲ್ಲ. ಮೊದಲು ಮೂರು ಮೈಲಿ ಕೇಳುತ್ತಿದ್ದ ಪ್ರಾಣಿ ಈಗ ಎಂಟು ಮೈಲಿ ಕೇಳತೊಡಗಿತ್ತು.

ಸೆಪ್ಟೆಂಬರಿನಲ್ಲಿ ಅನಾಹುತವಾಯಿತು. ಪಕ್ಕದ ಮನೆಯ ಐಸಾಕನ ಆರು ಕುರಿಗಳನ್ನು ನಿಪ್ ಗುಡ್ಡದ ಬಂಡೆಯಂಚಿನತ್ತ ಅಟ್ಟಿಕೊಂಡು ಹೋಯಿತು. ಮೇವಿಸ್ ಊದಿದ ಶಿಳ್ಳೆ ಅದರ ಕಿವಿಗೆ ಬೀಳಲೇ ಇಲ್ಲವೇನೋ. ಒಂದು ಕುರಿ ಕೆಳಗೆ ಬಿದ್ದು ಕಾಲು ಮುರಿದುಕೊಂಡಿತು. ಅದನ್ನು ಅಲ್ಲೇ ಕೊಲ್ಲಬೇಕಾಯಿತು. ಐಸಾಕ್ ಜಗಳಗಂಟನಲ್ಲ. ಮನೆಗೆ ಬಂದು, ಟೀ ಕುಡಿದು, ಹೇಳುವುದನ್ನು ಮೆಲ್ಲಗೆ ಹೇಳಿದ.

"ಅಕ್ಟೋಬರಲ್ಲಿ ಎಲ್ರೂ ಸೇರಿ ಗುಡ್ಡದಿಂದ ಕುರಿ ಇಳಿಸ್ತೀವಲ್ಲ, ಅವತ್ತು ನೋಡ್ತೀನಿ ಮಾರಾಯ. ನಿಲ್ಲು ಅಂದಾಗ ನಿಂತ್ರೆ ಸರಿ. ಇಲ್ಲಾಂದ್ರೆ ಆ ನಾಯಿ ಮತ್ತೆ ಗುಡ್ಡಕ್ಕೆ ಬರೋದು ಬೇಡ."

ಗುಡ್ಡಕ್ಕೆ ಹೋಗದ ನಾಯಿಯ ಗತಿ ಏನೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಕುರಿಯ ರುಚಿ ಹತ್ತಿದೆಯೆಂಬ ಹೆಸರು ಬಂದದ್ದನ್ನು ಯಾರೂ ಕೊಳ್ಳುವುದಿಲ್ಲ. ಉಳಿಯುವುದು ಬಂದೂಕು. ವಿಲ್ಫನ ಅಪ್ಪ ಅಂಥ ಎರಡು ನಾಯಿಗಳನ್ನು ಮನೆಯ ಹಿಂದೆ ಹೂತಿದ್ದ.

ಅಂದಿನಿಂದ ಪಾಠ ಜೋರಾಯಿತು. ಮನೆಯ ಕೆಳಗಿನ ಹುಲ್ಲುಗಾವಲಿನಲ್ಲಿ ಐದು ಮುದಿ ಕುರಿಗಳು, ಬಾಯಲ್ಲಿ ತಗಡಿನ ಸೀಟಿ ಕಚ್ಚಿಕೊಂಡ ಮೇವಿಸ್, ಮಿಂಚಿನಂತೆ ಸುತ್ತುವ ನಿಪ್. ಕಿಟಕಿಯಲ್ಲಿ ವಿಲ್ಫ್. ಸುಮ್ಮನೆ ನೋಡುತ್ತಿದ್ದನೆ? ಅವನ ಬಾಯಲ್ಲೂ ಒಂದು ಸೀಟಿ. ಮೇವಿಸ್ 'ಮಲಗು' ಎಂದು ಊದುವುದು ಅರೆಕ್ಷಣ ತಡವಾದರೆ ಅವನು ಊದಿಬಿಡುತ್ತಿದ್ದ. ಅವಳು ಎಡಕ್ಕೆ ಕಳಿಸಿದ್ದು ಸರಿಯಿಲ್ಲವೆನಿಸಿದರೆ ಬಲಕ್ಕೆ ತಿರುಗಿಸುತ್ತಿದ್ದ. ನಾಯಿ ಮಧ್ಯದಲ್ಲಿ ಗಕ್ಕನೆ ನಿಂತು, ಒಮ್ಮೆ ಮನೆಯತ್ತ ಒಮ್ಮೆ ಅವಳತ್ತ ನೋಡಿ, ಕೊನೆಗೆ ತಲೆಕೆಟ್ಟು ಕುರಿಗಳ ನಡುವೆ ನುಗ್ಗುತ್ತಿತ್ತು. ನಿನಗೆ ನಾಯಿಯ ಮನಸ್ಸು ಓದಲು ಬರುವುದಿಲ್ಲವೆಂದು ವಿಲ್ಫ್ ರಾತ್ರಿಯೂಟದ ಹೊತ್ತಿಗೆ ತಂಗಿಗೆ ಬುದ್ಧಿ ಹೇಳುತ್ತಿದ್ದ. ಅವಳು ಆಲೂಗಡ್ಡೆ ಹಿಸುಕುತ್ತಿದ್ದಳು. ಹಿಸುಕುವುದು ಮಾತ್ರ ಬೇಕಾದ್ದಕ್ಕಿಂತ ಜೋರಾಗಿರುತ್ತಿತ್ತು.

ಕುರಿ ಇಳಿಸುವ ಶನಿವಾರಕ್ಕೆ ನಾಲ್ಕು ದಿನವಿದ್ದಾಗ ವಿಲ್ಫ್ ಮಂಡಿ ತೋರಿಸಲು ಆಸ್ಪತ್ರೆಗೆ ಹೋದ. ಐಸಾಕ್ ತನ್ನ ಜೀಪಿನಲ್ಲಿ ಕರೆದೊಯ್ದು ಕರೆತಂದ. ಮಧ್ಯಾಹ್ನ ವಾಪಸಾದಾಗ ಕಲ್ಲುಗೋಡೆಯ ತಿರುವಿನಲ್ಲಿ ಐಸಾಕನೇ ಜೀಪು ನಿಲ್ಲಿಸಿ, ಗದ್ದವೆತ್ತಿ ಹುಲ್ಲುಗಾವಲನ್ನು ತೋರಿಸಿದ.

ನಿಪ್ ಮಲಗಿತ್ತು. ಐದು ಕುರಿಗಳು ಅದರೆದುರಿಗೆ ಹತ್ತು ಮಾರು ದೂರದಲ್ಲಿ ಹುಲ್ಲು ಮೇಯುತ್ತಿದ್ದವು. ಮೇವಿಸ್ ಅವುಗಳಿಗೆ ಬೆನ್ನು ಹಾಕಿ ಬೇಲಿಯ ತಂತಿ ಬಿಗಿಯುತ್ತಿದ್ದಳು. ನಾಯಿಯ ಮೈ ಬಿಗಿದಿತ್ತು, ಕಣ್ಣು ಉರಿಯುತ್ತಿತ್ತು, ಆದರೂ ಅದು ಅಲ್ಲಾಡಲಿಲ್ಲ. ವಿಲ್ಫನ ಎದೆಯುಬ್ಬಿತು. ನನ್ನ ಮರಿ, ನಾನು ಆರಿಸಿದ್ದು! ಐಸಾಕನಿಗೆ ಅದರ ಚಳಕ ಇನ್ನಷ್ಟು ಕಾಣಲೆಂದು ಜೀಪಿನಿಂದ ಇಳಿದು, ಮೆಲ್ಲಗೆ ಮುಂದೆ ನಡೆಯೆಂಬ ಶಿಳ್ಳೆಯೊಂದನ್ನು ಊದಿದ.

ನಿಪ್ ಚಿಮ್ಮಿತು. ಮೇವಿಸ್ ಬೆಚ್ಚಿ 'ಮಲಗು' ಎಂದು ಊದಿದಳು. ಅವಳು ತಪ್ಪು ಮಾಡಿದಳೆಂದು ವಿಲ್ಫ್ ಮತ್ತೆ ಊದಿದ. ಕುರಿಗಳು ಐದು ದಿಕ್ಕಿಗೆ ಚೆದುರಿದವು, ನಾಯಿ ಒಂದರ ಉಣ್ಣೆಗೆ ಬಾಯಿ ಹಾಕಿ ಜೋತುಬಿತ್ತು. ಮೇವಿಸ್ ಓಡಿ ಬಂದು ಬಿಡಿಸುವುದನ್ನು ಐಸಾಕ್ ಜೀಪಿನೊಳಗಿನಿಂದಲೇ ನೋಡಿದ. ಶನಿವಾರ ನೋಡೋಣ ಎಂದಷ್ಟೇ ಹೇಳಿ ಗಾಡಿ ತಿರುಗಿಸಿದ.

ಮೇವಿಸ್ ನಾಯಿಯ ಕೊರಳಪಟ್ಟಿ ಹಿಡಿದು ಗೋಡೆಯ ಹತ್ತಿರ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ನಾಯಿಗೇನೂ ಆಗಿಲ್ಲ ವಿಲ್ಫ್. ಯಾರ ಮಾತು ಕೇಳ್ಬೇಕು ಅಂತ ಅದಕ್ಕೆ ಗೊತ್ತಾಗ್ತಿಲ್ಲ ಅಷ್ಟೆ. ಐವತ್ತು ವರ್ಷದಿಂದ ನಂದೂ ಅದೇ ಪಾಡು."

ವಿಲ್ಫ್ ಸಿಟ್ಟಾದ. ಎರಡು ದಿನ ಅವಳೊಡನೆ ಮಾತು ಬಿಟ್ಟ. ಮೂರನೆಯ ದಿನ ಕಿಟಕಿಯ ಪರದೆ ಎಳೆದುಕೊಂಡು ಕೂತ. ನೋಡಿದರೆ ಊದದೆ ಇರಲಾರೆನೆಂಬುದು ಅವನಿಗೆ ತಿಳಿದುಹೋಗಿತ್ತು. ತಿಳಿದದ್ದಕ್ಕೆ ನಾಚಿಕೆಯೂ ಆಗಿತ್ತು. ಹೊರಗೆ ತಂಗಿಯ ಶಿಳ್ಳೆ ಕೇಳಿದಾಗಲೆಲ್ಲ ಬೆರಳುಗಳು ತೊಡೆಯ ಮೇಲೆ ಕುಣಿಯುತ್ತಿದ್ದವು.

ಶನಿವಾರ ಮನೆಯಲ್ಲೇ ಇರುತ್ತೇನೆಂದು ಮಾತು ಕೊಟ್ಟಿದ್ದ. ಮೇವಿಸ್, ಐಸಾಕ್ ಎಲ್ಲ ಹೊರಟು ಒಂದು ಗಂಟೆಯಾದ ಮೇಲೆ ಕೋಲೂರಿಕೊಂಡು ಗುಡ್ಡದ ಬುಡದ ಗೇಟಿಗೆ ಬಂದು ನಿಂತ. ಗೇಟು ತೆಗೆಯಲು ಯಾರಾದರೂ ಬೇಕಲ್ಲ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಮೇಲೆ ಏಳು ಮನೆಯವರು, ಏಳು ನಾಯಿಗಳು ಸಾಲಾಗಿ ಹರಡಿ ಕುರಿಗಳನ್ನು ಕೆಳಗೆ ತರುತ್ತಿದ್ದರು. ಬಂಡೆಯಂಚಿನ ಬದಿ ಮೇವಿಸ್‌ಳ ಪಾಲಿಗೆ ಬಂದಿತ್ತು. ಐಸಾಕ್ ಬೇಕೆಂದೇ ಹಾಗೆ ಹಂಚಿದ್ದ.

ಹತ್ತು ಹನ್ನೆರಡು ಕುರಿಗಳು ಗುಂಪು ಬಿಟ್ಟು ಅಂಚಿನತ್ತ ಓಡಿದವು. ಅವುಗಳ ಹಿಂದೆ ನಿಪ್. ಮೇವಿಸ್ ದಿಬ್ಬದ ಈಚೆಯಿದ್ದಳು, ಅವಳಿಗೆ ಅದು ಕಾಣುತ್ತಿದೆಯೋ ಇಲ್ಲವೋ ಎಂದು ವಿಲ್ಫನಿಗೆ ಗೊತ್ತಾಗಲಿಲ್ಲ. ಅವನ ಜೀವ ಬಾಯಿಗೆ ಬಂತು. ಸೀಟಿ ಆಗಲೇ ಹಲ್ಲುಗಳ ನಡುವಿತ್ತು. ಈಗ ಊದಬೇಕು, ಈಗಲೇ! ಊದಿದರೆ ನಾಯಿ ನಿಂತೀತು. ಅಥವಾ ಇವನತ್ತ ತಿರುಗಿ, ಕುರಿಗಳನ್ನು ಕೆಳಕ್ಕೆ ಕೆಡವೀತು. ಊದದಿದ್ದರೆ ಅವಳು ತಡ ಮಾಡಿಯಾಳು. ಎಂದಿನಂತೆ ತಡ ಮಾಡಿಯಾಳು ಎಂದುಕೊಂಡ. ಆ 'ಎಂದಿನಂತೆ' ಎಂಬುದು ತಾನೇ ಹೊಸೆದದ್ದಲ್ಲವೆ ಎಂದೂ ಅನಿಸಿತು. ಸೀಟಿಯನ್ನು ಬಾಯಿಂದ ತೆಗೆದು ಮುಷ್ಟಿಯಲ್ಲಿ ಬಿಗಿಹಿಡಿದ. ತಗಡಿನ ಅಂಚು ಅಂಗೈಗೆ ಕಚ್ಚಿತು.

ಶಿಳ್ಳೆ ಬಂತು. ಅವನು ಊದುತ್ತಿದ್ದುದಕ್ಕಿಂತ ಮೂರು ಹೆಜ್ಜೆ ತಡವಾಗಿ, ಆದರೆ ಉದ್ದಕ್ಕೆ, ನಿಧಾನಕ್ಕೆ. ನಿಪ್ ನೆಲಕ್ಕೆ ಅಂಟಿಕೊಂಡಿತು. ಮುಂದಿನ ಕುರಿ ಅಂಚಿನಲ್ಲಿ ನಿಂತಿತು, ಕೆಳಗೆ ಇಣುಕಿತು, ಹಿಂದೆ ಯಾರೂ ಅಟ್ಟುತ್ತಿಲ್ಲವೆಂದು ಕಂಡು ತಿರುಗಿ, ಏನೂ ಆಗಿಲ್ಲವೆಂಬಂತೆ ಗುಂಪಿನತ್ತ ನಡೆಯಿತು. ಆ ಮೂರು ಹೆಜ್ಜೆ ಇಲ್ಲದಿದ್ದರೆ ನಾಯಿ ಕುರಿಗಳ ಬೆನ್ನ ಹಿಂದೆಯೇ ಉಳಿದು ಅವನ್ನು ಅಂಚಿಗೆ ತಳ್ಳುತ್ತಿತ್ತು, ಮಗ್ಗುಲಿಗೆ ಬರುತ್ತಲೇ ಇರಲಿಲ್ಲವೆಂದು ವಿಲ್ಫನಿಗೆ ಆಮೇಲೆ ಹೊಳೆಯಿತು.

ಎಲ್ಲರಿಗಿಂತ ಮುಂದಾಗಿ ಇಳಿದು ಬಂದ ಐಸಾಕ್ ಗೇಟಿನ ಬಳಿ ಬೆವರು ಒರೆಸಿಕೊಂಡ. "ನಾಯಿ ಇರಲಿ ಬಿಡು ಮಾರಾಯ," ಎಂದ. "ಮುಂದಿನ ವರ್ಷ ನಿನ್ನ ಮಂಡಿ ಸರಿಯಾದ್ಮೇಲೆ ನೀನೇ ತರ್ತೀಯಾ?"

"ಮೇವಿಸ್‌ನ ಕೇಳು," ಎಂದ ವಿಲ್ಫ್. ಕೋಲೂರಿ ಗೇಟನ್ನು ಅಗಲಕ್ಕೆ ತೆಗೆದ.

ಕುರಿಗಳು ನೂಕಾಡುತ್ತ ಗೇಟು ದಾಟಿದವು. ಹಿಂದೆ ಮೇವಿಸ್, ಕೆಸರು ಬಡಿದ ಬೂಟು, ಕೆಂಪಗಾದ ಮೂಗು. ಅವಳು ಅಣ್ಣನನ್ನೂ ಅವನ ಖಾಲಿ ಬಾಯನ್ನೂ ನೋಡಿದಳು. ಮಾತು ತಪ್ಪಿ ಬಂದೆಯೇಕೆಂದು ಕೇಳಲಿಲ್ಲ. ಅವಳ ಹಿಮ್ಮಡಿಗೆ ಅಂಟಿಕೊಂಡಂತೆ ನಿಪ್ ಬರುತ್ತಿತ್ತು. ವಿಲ್ಫನ ಕೈ ಅಭ್ಯಾಸಬಲದಿಂದ ಕೆಳಗಿಳಿದು, ಅದರ ಮೂಗಿನ ಎತ್ತರಕ್ಕೆ ಬಂದು ಕಾದು ನಿಂತಿತು. ನಾಯಿ ಆ ಕೈಯನ್ನು ಮೂಸಲಿಲ್ಲ. ಅವನ ಕಡೆ ಕಣ್ಣೂ ಹಾಯಿಸದೆ, ಅವಳನ್ನೇ ನೋಡುತ್ತ, ಗೇಟು ದಾಟಿ ಹೋಯಿತು.

ವಿಲ್ಫ್ ಆ ಕೈಯನ್ನು ಹಿಂದೆಗೆದು ಕೋಲಿನ ಮೇಲಿಟ್ಟ. ಒಳ್ಳೆಯ ನಾಯಿ ಎಂದರೆ ಹೀಗೇ ಇರಬೇಕೆಂದು ಅವನು ನಲವತ್ತು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದ.